ಮುರುಗೆಪ್ಪನ ತೊಟ್ಟಿಲ ಕಾವಲು

ಕೂಸಿನ ಕಾಲಿಗೆ ಪಟ್ಟಿ ಕಟ್ಟಿ, ಗೋಡೆಯ ಮೇಲಿನ ಪೆಟ್ಟಿಗೆಯ ಗುಂಡಿ ಒತ್ತಿ, ಮುರುಗೆಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಮದುವೆ ಮಂಟಪದಲ್ಲೂ ಈ ಮನುಷ್ಯ ಇಷ್ಟು ಸಂಭ್ರಮದಿಂದ ನಿಂತಿರಲಿಲ್ಲ ಎಂದು ಹೆಂಡತಿ ಹಾಲಮ್ಮನಿಗೆ ಅನ್ನಿಸಿತು. ಪೆಟ್ಟಿಗೆ ಒಮ್ಮೆ ಗೊರಗುಟ್ಟಿ, ಹೆಣ್ಣುದನಿಯಲ್ಲಿ, "ಮೂವತ್ತಾರು ಡಿಗ್ರಿ. ಸರಕು ಸುಸ್ಥಿತಿಯಲ್ಲಿದೆ," ಎಂದಿತು.

"ಸರಕು ಅಂದ್ರೆ ಯಾರ್ರೀ? ನನ್ನ ಮೊಮ್ಮಗಳಾ?"

"ಅದು ಗೋಡೌನಿನ ಮಾತು. ತಿದ್ದುತೀನಿ ಸುಮ್ನಿರು," ಎಂದ ಮುರುಗೆಪ್ಪ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಮುರುಗೆಪ್ಪ, ಗಿರಣಿ ಮುಚ್ಚಿದ ಮೇಲೆ ಔಷಧಿ ಗೋಡೌನ್ ಒಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿ ಲಸಿಕೆಯ ಪೆಟ್ಟಿಗೆಗಳಿಗೆಲ್ಲ ಉಗುರಿನಗಲದ ಆರ್‌ಎಫ್‌ಐಡಿ ಟ್ಯಾಗ್ ಅಂಟಿಸಿರುತ್ತಿದ್ದರು. ನಾನು ಇಂಥ ಪೆಟ್ಟಿಗೆ, ಇಂಥ ಕಡೆ ಇದ್ದೇನೆ, ನನ್ನ ಮೈ ಇಷ್ಟು ಬಿಸಿ ಇದೆ ಎಂದು ಆ ಟ್ಯಾಗು ರೇಡಿಯೋ ಅಲೆಯಲ್ಲಿ ತಾನೇ ಹೇಳಿಕೊಳ್ಳುತ್ತದೆ, ಗೋಡೆಯ ಮೇಲಿನ ಯಂತ್ರ ಕೇಳಿಸಿಕೊಳ್ಳುತ್ತದೆ. ಔಷಧಿ ಕಾಯುವ ಯಂತ್ರ ಕೂಸನ್ನು ಯಾಕೆ ಕಾಯಬಾರದು ಎಂಬ ಯೋಚನೆ ಮುರುಗೆಪ್ಪನಿಗೆ ಬಂದದ್ದು ಮಗಳು ಶಿವಲೀಲಾ ಎಂಟು ತಿಂಗಳಿಗೇ ಹೆತ್ತಾಗ. ಅಂಥದೊಂದು ಟ್ಯಾಗನ್ನು ಕೂಸಿನ ಕಾಲಿನ ಪಟ್ಟಿಯೊಳಗೆ ಹೊಲಿದ.

ಅವನ ಹಿಂದಿನ ಯಂತ್ರಗಳನ್ನೆಲ್ಲ ಹಾಲಮ್ಮ ಬೈದು ಬೈದು ಅಟ್ಟ ಹತ್ತಿಸಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗೇನು ಬಂದಿದೆ ಎನ್ನುವವಳು. ಈ ಸಲ ಮಾತ್ರ ಅವಳ ಬಾಯಿ ಕಟ್ಟಿತ್ತು. ಶಿವಲೀಲಾಳ ಹಿಂದಿನ ಕೂಸು ಉಳಿದಿರಲಿಲ್ಲ. ರಾತ್ರಿ ಮಗ್ಗುಲಲ್ಲಿ ಮಲಗಿದ್ದದ್ದು ಬೆಳಗ್ಗೆ ತಣ್ಣಗಿತ್ತು. ಈಗಿನದರ ಮೈ ತಣ್ಣಗಾಗದಂತೆ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದಂದಿನಿಂದ ಹುಡುಗಿ ನಿದ್ದೆಗೆಟ್ಟು ಕೂತಿದ್ದಳು. ಯಂತ್ರ ಅವಳಿಗೆ ಧೈರ್ಯ ಕೊಟ್ಟರೆ ಅದರ ಮುಂದೆ ಊದುಬತ್ತಿ ಹಚ್ಚುವುದಕ್ಕೂ ಹಾಲಮ್ಮ ತಯಾರಿದ್ದಳು.

ಯಂತ್ರ ಗೋಡೌನಿನ ಬುದ್ಧಿಯನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಕೂಸನ್ನು ಎಳೆಬಿಸಿಲಿಗೆ ಒಯ್ದರೆ, ಸರಕು ಬಾಗಿಲು ದಾಟಿತು, ರಸೀದಿ ತೋರಿಸಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿತು. ಎದುರುಮನೆಯವರು ಮುರುಗೆಪ್ಪ ಏನೋ ಕದ್ದು ತಂದಿದ್ದಾನೆಂದೇ ತಿಳಿದರು. ಅದನ್ನು ತಿದ್ದುವಷ್ಟರಲ್ಲಿ ಎರೆಯುವ ದಿನ ಬಂತು. ನೀರು ಹದವಾಗಿ ಕಾದಿತ್ತು, ಹಾಲಮ್ಮ ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಆಗ ನಡುಮನೆಯಿಂದ ಆ ಹೆಣ್ಣುದನಿ, "ಸರಕು ಕೆಟ್ಟಿದೆ. ಯಾರಿಗೂ ಕೊಡಬೇಡಿ. ಗುಂಡಿ ತೋಡಿ ಹೂಳಿ," ಎಂದುಬಿಟ್ಟಿತು.

ಶಿವಲೀಲಾ ಗೋಡೆಗೆ ಒರಗಿ ಕೆಳಗೆ ಕುಸಿದಳು. ಹಾಲಮ್ಮ ಒದ್ದೆಗೈಯಲ್ಲೇ ಹೊರಗೆ ಬಂದು ಗಂಡನಿಗೆ ಅವನ ಏಳು ತಲೆಮಾರನ್ನು ನೆನಪಿಸಿದಳು. ಗೊತ್ತುಮಾಡಿದ ಮಿತಿ ದಾಟಿ ಬಿಸಿಯಾದ ಲಸಿಕೆ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಹಾಗೆ ಹೇಳುತ್ತದೆ ಎಂದು ಅವನು ವಿವರಿಸಲು ಹೋಗಿ ಮತ್ತಷ್ಟು ಬೈಸಿಕೊಂಡ. ಆದರೆ ತನ್ನ ತಪ್ಪು ಅವನಿಗೆ ತಿಳಿದಿತ್ತು. ಎರಡು ದಿನ ಊಟದ ಮೇಲೆ ಗಮನವಿಲ್ಲದೆ ಕೂತು 'ಸರಕು' ಇದ್ದಲ್ಲೆಲ್ಲ 'ಮಗು' ಎಂದು ಹೇಳಿಕೊಟ್ಟ, ಹೂಳುವ ಮಾತನ್ನು ಪೂರ್ತಿ ಕಿತ್ತುಹಾಕಿದ. ಹೆರಿಗೆಯಾದ ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇತ್ತು. ಅಲ್ಲಿಯೂ, ಅವರ ಆಂಬುಲೆನ್ಸಿನಲ್ಲೂ ಇಂಥವೇ ಯಂತ್ರಗಳಿದ್ದವು. ಡಾಕ್ಟರನ್ನು ಒಪ್ಪಿಸಿ ಅವನ್ನೂ ಮನೆಯ ಪೆಟ್ಟಿಗೆಗೆ ಜೋಡಿಸಿ, ಕೂಸು ತಣ್ಣಗಾದರೆ ಅವರಿಗೆ ತಾನಾಗಿಯೇ ಕರೆ ಹೋಗುವ ಏರ್ಪಾಡನ್ನೂ ಮಾಡಿದ.

ಆಮೇಲೆ ಯಂತ್ರ ಸರಿಯಾಗಿ ನಡೆಯಿತು, ತೊಂದರೆ ಶುರುವಾದದ್ದೂ ಆಗಲೇ. ಶಿವಲೀಲಾ ಪೆಟ್ಟಿಗೆಯ ಮುಖ ನೋಡದೆ ಕೂಸನ್ನು ಮುಟ್ಟದಾದಳು. ಅತ್ತರೆ ಮೊದಲು ಗೋಡೆಯ ಕಡೆ ತಿರುಗಿ, "ಎಷ್ಟೈತೆ?" ಎನ್ನುವಳು. ಹಾಲು ಕುಡಿಸುವಾಗಲೂ ಕಣ್ಣು ಅಂಕೆಯ ಮೇಲೆ. ಮುದ್ದಿಸಲು ಎತ್ತಿಕೊಂಡರೆ ಅಂಕೆ ಏರುಪೇರಾಗುತ್ತದೆಂದು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಒಮ್ಮೆ ಹಾಲಮ್ಮ ಕೇಳಿದ್ದಕ್ಕೆ, "ಹಿಂದಿನದು ನನ್ನ ಮಗ್ಗಲಾಗೇ ಇತ್ತಲ್ಲವ್ವ. ನನ್ನ ಕೈಗೆ ಗೊತ್ತಾತೇನು?" ಎಂದಳು. ಹಾಲಮ್ಮ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳ ಕೈ ತನ್ನ ಕೂಸಿಗೇ ಹೆದರುವಂತಾಯಿತಲ್ಲ ಎಂಬ ಸಂಕಟ ಅವಳಿಗೆ.

ತೊಟ್ಟಿಲಿಗೆ ಹಾಕುವ ದಿನ ಬಂತು. ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿನಲ್ಲಿ ಮಲಗಿಸಿ ತೂಗುವುದು ಪದ್ಧತಿ. ಕಣ್ಣು ತಾಗುವುದಿದ್ದರೆ ಕಲ್ಲಿಗೆ ತಾಗಲಿ, ಕೂಸು ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಹಾಲಮ್ಮನ ಮನೆಯಲ್ಲಿ ಇನ್ನೂ ಒಂದು ಕಟ್ಟುನಿಟ್ಟು. ಅಂದು ಕೂಸು ಏನೇನು ತೊಡುತ್ತದೋ ಅದನ್ನೆಲ್ಲ ಮೊದಲು ಕಲ್ಲಿಗೆ ತೊಡಿಸಬೇಕು. ಅವಳು ಒರಳಿನ ಗುಂಡುಕಲ್ಲಿಗೆ ಅರಿಶಿನ ಹಚ್ಚಿ, ಹಂಡೆಯ ಬಿಸಿನೀರು ಎರೆದು, ಕುಲಾವಿ ಹಾಕಿ, ಕಾಡಿಗೆಯಿಟ್ಟು, ಹಳೆಯ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಕೂಸಿನ ಕಾಲಿನ ಪಟ್ಟಿಗೂ ಕೈ ಚಾಚಿದಳು.

"ಅದ್ಯಾಕೆ? ಅದು ಒಡವೆ ಅಲ್ಲ, ಯಂತ್ರ," ಎಂದ ಮುರುಗೆಪ್ಪ.

"ಕೂಸಿನ ಮೈಮೇಲೆ ಇರೋದು ಹೌದೋ ಅಲ್ವೋ? ಐದು ನಿಮಿಷ ಕಲ್ಲಿಗಿರಲಿ, ಆಮೇಲೆ ಕಟ್ತೀನಿ."

ಶಾಸ್ತ್ರದ ವಿಷಯದಲ್ಲಿ ಹಾಲಮ್ಮನ ಜೊತೆ ವಾದಿಸಿ ಗೆದ್ದವರು ಆ ಬೀದಿಯಲ್ಲೇ ಇಲ್ಲ. ಹಾಲಮ್ಮ ಪಟ್ಟಿಯನ್ನು ಬಿಚ್ಚಿ ಬಟ್ಟೆಯೊಳಗೆ ಕಲ್ಲಿಗೆ ಕಟ್ಟಿದಳು. ಕಲ್ಲಿಗೆ ಎರೆದದ್ದು ಬಿಸಿನೀರಲ್ಲವೆ, ಸುತ್ತಿದ ಬಟ್ಟೆಯೊಳಗೆ ಅದು ಹಿತವಾಗಿ ಬೆಚ್ಚಗಿತ್ತು. ಪೆಟ್ಟಿಗೆ ಮೂವತ್ತೇಳು ಎಂದು ತೋರಿಸಿ ತೆಪ್ಪಗಿತ್ತು. ಮುತ್ತೈದೆಯರು ಹಾಡು ಹೇಳುತ್ತ ಕಲ್ಲನ್ನು ತೂಗಿದರು, ತೊಟ್ಟಿಲ ಕೆಳಗಿಂದ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದರು, ಕೊನೆಗೆ ಮೂಲೆಯ ಚಾಪೆಯ ಮೇಲೆ ಮಲಗಿಸಿದರು. ಕೂಸು ತೊಟ್ಟಿಲಿಗೆ ಬಂತು, ಹೆಸರಿಟ್ಟದ್ದಾಯಿತು. ಬೀಗಿತ್ತಿಗೆ ಮೊದಲು ಉಡಿ ತುಂಬಬೇಕೋ ಆರತಿಯೋ ಎಂಬ ಚರ್ಚೆಯಲ್ಲಿ ಹಾಲಮ್ಮನಿಗೆ ಪಟ್ಟಿಯ ನೆನಪೇ ಹಾರಿಹೋಯಿತು.

ಕಲ್ಲು ನಿಧಾನವಾಗಿ ಆರಿತು.

"ಮಗುವಿನ ಮೈ ತಣ್ಣಗಾಗುತ್ತಿದೆ," ಎಂದಿತು ಪೆಟ್ಟಿಗೆ. ಹಾಡು ನಿಂತಿತು. ಎಲ್ಲರೂ ತೊಟ್ಟಿಲ ಕಡೆ ತಿರುಗಿದರು. ಎರೆದುಕೊಂಡ ಆಯಾಸಕ್ಕೆ ಕೂಸು ಅಲುಗಾಡದೆ ಮಲಗಿತ್ತು. "ಮೂವತ್ತೆರಡು. ಆಸ್ಪತ್ರೆಗೆ ಕರೆ ಹೋಗಿದೆ. ಮೂವತ್ತು." ಮುರುಗೆಪ್ಪ ಪೆಟ್ಟಿಗೆಯ ಹತ್ತಿರ ಓಡಿದ. ಅವನು ಕೂಸನ್ನು ನೋಡಲಿಲ್ಲ, ಅಂಕೆಯನ್ನೇ ನೋಡುತ್ತಿದ್ದ. ಹಾಲಮ್ಮ ಓಡಬೇಕೆಂದುಕೊಂಡಳು. ಮುತ್ತೈದೆಯರ ಗುಂಪಿನ ನಡುವೆ ದಾರಿ ಸಿಗಲಿಲ್ಲ. ದೇವರೇ, ಇನ್ನೊಂದು ಸಲ ಬೇಡ, ನನ್ನ ಮಗಳಿಂದ ತಡೆಯಲಿಕ್ಕಾಗುವುದಿಲ್ಲ ಎಂಬುದೊಂದೇ ಅವಳೊಳಗೆ ಸುತ್ತುತ್ತಿತ್ತು.

ಶಿವಲೀಲಾ ಗೋಡೆಯ ಕಡೆ ನೋಡಿದಳು. ಪೆಟ್ಟಿಗೆ ಇಪ್ಪತ್ತೊಂಬತ್ತು ಎಂದಿತು. ಮರುಕ್ಷಣ ಅವಳು ತೊಟ್ಟಿಲಿಗೆ ಎರಡೂ ಕೈ ಹಾಕಿ, ಕೂಸನ್ನು ಬಟ್ಟೆಬರೆಯ ಸಮೇತ ಬಾಚಿ ಎದೆಗೆ ಒತ್ತಿಕೊಂಡಳು. ನಿದ್ದೆ ಕೆಟ್ಟ ಸಿಟ್ಟಿಗೆ ಕೂಸು ಮನೆ ಹಾರಿಹೋಗುವಂತೆ ಕಿರುಚಿತು, ಅಮ್ಮನ ಹೊಸ ಸೀರೆಯನ್ನು ತೋಯಿಸಿಬಿಟ್ಟಿತು.

"ಮಗು ಇನ್ನೂ ತಣ್ಣಗಿದೆ," ಎಂದಿತು ಪೆಟ್ಟಿಗೆ.

"ಯಂತ್ರ ತಪ್ಪು ಹೇಳಲ್ಲಮ್ಮ," ಎಂದ ಮುರುಗೆಪ್ಪ ಅಳುತ್ತ.

"ಹೇಳ್ತೈತೆ ಅಪ್ಪಾಜಿ. ನನ್ನ ಕೂಸು ಬೆಚ್ಚಗೈತೆ. ನನ್ನ ಕೈಗೆ ಗೊತ್ತಾಗ್ತೈತೆ."

ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಇಬ್ಬರು ದಡಬಡನೆ ಒಳನುಗ್ಗಿದರು. ಅವರ ಕೈಯಲ್ಲೊಂದು ಟ್ಯಾಗು ಹುಡುಕುವ ಯಂತ್ರ, ಅದು ಕೀಂಗುಟ್ಟಿದ ದಿಕ್ಕಿಗೆ ಅವರ ಕಾಲು. ಮನೆ ತುಂಬ ಜನ, ಎಲ್ಲೋ ಒಂದು ಕೂಸು ಅಳುತ್ತಿದೆ, ಅಳುವ ಕೂಸು ಅವರ ರೋಗಿಯಲ್ಲ. ಮೂಲೆಯ ಚಾಪೆಯ ಮೇಲೆ ಕುಲಾವಿ ಹಾಕಿಕೊಂಡು ಮಿಸುಕದೆ ಮಲಗಿದ್ದ ಗಂಟನ್ನು ಒಬ್ಬ ಎತ್ತಿಕೊಂಡ. ಪೂರಾ ತಣ್ಣಗಿದೆ ಎಂದ. ಎಂಟೇ ತಿಂಗಳಿಗೆ ಹುಟ್ಟಿದ್ದು ಅಂದಿದ್ದರು, ಒಳ್ಳೆ ತೂಕ ಬಂದಿದೆಯಲ್ಲ ಎಂದೂ ಅಂದ. ಅದು ಕಲ್ಲು ಎಂದು ಅಳುತ್ತಲೇ ತಡೆಯಲು ಹೋದ ಮುರುಗೆಪ್ಪನ ಮಾತು ಮನೆಯ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಅಜ್ಜ ಇರಬೇಕು, ಪಾಪ ಎಂದು ಅವನನ್ನೂ ಕೈಹಿಡಿದು ಹತ್ತಿಸಿಕೊಂಡು ಬಾಗಿಲು ಹಾಕಿಕೊಂಡರು.

ಹಾಲಮ್ಮ ಬರಿದಾದ ಚಾಪೆಯನ್ನು ನೋಡಿದಳು. ಆಗ ಅವಳಿಗೆ ಎಲ್ಲ ಹೊಳೆಯಿತು. ನಗುವೋ ಅಳುವೋ ತಿಳಿಯದೆ ಅಲ್ಲೇ ಕೂತು ಎರಡನ್ನೂ ಮಾಡಿದಳು.

ಸ್ವಲ್ಪ ಹೊತ್ತಿಗೆ ಗೋಡೆಯ ಪೆಟ್ಟಿಗೆ, "ಮೂವತ್ತೇಳು ಡಿಗ್ರಿ. ಮಗು ಚೇತರಿಸಿಕೊಂಡಿದೆ," ಎಂದು ಸಂತೋಷದ ಸುದ್ದಿ ಕೊಟ್ಟಿತು. ಶಿವಲೀಲಾ ತಿರುಗಿ ನೋಡಲಿಲ್ಲ. ಅವಳು ಗೋಡೆಗೆ ಬೆನ್ನು ಹಾಕಿ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕುಡಿಸುತ್ತಲೇ ಕೂಸಿನ ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡು ತೂಕಡಿಸತೊಡಗಿದಳು. ಎಷ್ಟು ದಿನಗಳ ಮೇಲೋ ಮಗಳ ಕಣ್ಣು ಮುಚ್ಚಿದ್ದನ್ನು ನೋಡಿ ಹಾಲಮ್ಮ ಬಂದವರಿಗೆಲ್ಲ ಸದ್ದು ಮಾಡಬೇಡಿರೆಂದು ಸನ್ನೆ ಮಾಡಿದಳು.

ಮುರುಗೆಪ್ಪನ ಫೋನು ಬಂತು. ಗುಂಡುಕಲ್ಲನ್ನು ಶಾಖದ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರೆ, ಆಸ್ಪತ್ರೆಯ ಕಂಪ್ಯೂಟರ್ ಅದನ್ನು ದಾಖಲು ಮಾಡಿಕೊಂಡುಬಿಟ್ಟಿದೆ, ಅದು ಹಾಲು ಕುಡಿಯಿತೆಂದು ಡಾಕ್ಟರು ಬರೆಯುವ ತನಕ ಬಾಗಿಲು ದಾಟಿಸಲು ಬಿಡುವುದಿಲ್ಲವಂತೆ ಎಂದು ಅವನು ತಡವರಿಸಿದ.

"ಕುಡಿಸ್ರಿ ಮತ್ತೆ," ಎಂದಳು ಹಾಲಮ್ಮ ಮೆಲುದನಿಯಲ್ಲಿ. "ಲಗೂನೆ ಕುಡಿಸಿ ಕರ್ಕೊಂಡು ಬರ್ರಿ. ಬೀಗರು ಊಟಕ್ಕೆ ಕೂತಾರೆ, ಚಟ್ನಿ ಇನ್ನೂ ರುಬ್ಬಿಲ್ಲ."