ಸೀಸೆಯಲ್ಲಿ ಕಂಡ ನದಿ

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನೀರು ಪರೀಕ್ಷಕರ ಅಭಿಪ್ರಾಯವನ್ನು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಪರದೆಯ ಬಣ್ಣ ಹೆಂಡತಿಯ ಇಲಾಖೆ, ಸೋಫಾ ಯಾವ ಗೋಡೆಗೆ ಒರಗಬೇಕೆಂಬುದು ಮಗಳ ಇಲಾಖೆ, ಆ ಸೋಫಾದಲ್ಲಿ ಇವರಿಗೆ ಎಷ್ಟು ಜಾಗ ಎಂಬುದು ಬೆಕ್ಕಿನ ಇಲಾಖೆ. ಇಂಥ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ, “ನದಿ ಮಾತ್ರ ನೀವೇ ಆರಿಸಿ” ಅಂದಾಗ ಪರೀಕ್ಷಕರ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರ ಬಂದು ಅಲ್ಲೇ ನಿಂತಿತು.

“ಯಾವ ನದಿ?”

“ರಾಫ್ಟಿಂಗ್‌ಗೆ ರೀ. ರಬ್ಬರ್ ದೋಣೀಲಿ ಕೂತು ಬಂಡೆ ಮಧ್ಯೆ, ನೊರೆ ಮಧ್ಯೆ ಹಾರ್ಕೊಂಡು ಹೋಗೋದು. ಇಪ್ಪತ್ತೈದನೇ ವರ್ಷಕ್ಕೆ ಏನು ಬೇಕು ಕೇಳು, ಕೊಡಿಸ್ತೀನಿ ಅಂತ ಎದೆ ತಟ್ಕೊಂಡ್ರಲ್ಲ?”

“ನಾನು ಒಂದು ವಾಚು ಅಂದ್ಕೊಂಡಿದ್ದೆ ಕಣೇ.”

“ಟೈಮು ಹೇಳೋದೇ ನನ್ನ ಕೆಲಸ. ಮನೇಲೂ ಬೇಡ ಅದು. ನನಗೆ ಕಿರುಚಬೇಕು.”

ಈ ಮಾತಿಗೆ ಸ್ವಲ್ಪ ಹಿನ್ನೆಲೆ ಬೇಕು. ಹೆಂಡತಿ ರೈಲು ನಿಲ್ದಾಣದ ಪ್ರಕಟಣೆಯ ಕೋಣೆಯಲ್ಲಿ ಕೆಲಸ ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಆಕೆಯ ದನಿ ಒಂದೇ ಎತ್ತರದಲ್ಲಿದೆ. ರೈಲು ಹೊತ್ತಿಗೆ ಸರಿಯಾಗಿ ಬಂದರೂ ಅದೇ ದನಿ, ಏಳು ಗಂಟೆ ತಡವಾದರೂ ಅದೇ ದನಿ. ಒಮ್ಮೆ ಪ್ರಕಟಣೆಯ ನಡುವೆ ಹಲ್ಲಿಯೊಂದು ಚಾವಣಿಯಿಂದ ಆಕೆಯ ಕುತ್ತಿಗೆಗೇ ಬಿದ್ದಿತ್ತು; ಮೂರನೇ ಪ್ಲಾಟ್‌ಫಾರ್ಮಿನಿಂದ ಐದಕ್ಕೆ ಬದಲಾದ ಗಾಡಿಯ ವಿವರ ಪೂರ್ತಿ ಮುಗಿಸಿ, ಅನಾನುಕೂಲಕ್ಕೆ ವಿಷಾದಿಸಿ, ಮೈಕು ಆರಿಸಿ, ಆಮೇಲೆ ಹಲ್ಲಿಯನ್ನು ತೆಗೆದಳು. ಕಷ್ಟವೆಂದರೆ ಆ ದನಿ ಈಗ ಗಂಟಲಿಗೆ ಅಂಟಿಕೊಂಡುಬಿಟ್ಟಿದೆ. ಹೋದ ತಿಂಗಳು ಅಡುಗೆಮನೆಯಲ್ಲಿ ಜಿರಳೆ ಕಂಡು ಕಿರುಚಲೆಂದು ಬಾಯಿ ತೆರೆದರೆ ಹೊರಬಂದದ್ದು, “ದಯವಿಟ್ಟು ಗಮನಿಸಿ, ಎರಡನೇ ಕಪಾಟಿನಿಂದ ಹೊರಟ ಜಿರಳೆಯೊಂದು ಸಿಂಕಿನ ಕಡೆಗೆ ಬರುತ್ತಿದೆ” ಎಂಬ ವಾಕ್ಯ. (ಜಿರಳೆ ಹೊತ್ತಿಗೆ ಸರಿಯಾಗಿಯೇ ಬಂತು.)

ಆ ದಿನದಿಂದ ಆಕೆಗೆ ಒಂದೇ ಹಂಬಲ. ಸಾಯುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಹೊಟ್ಟೆಯ ಆಳದಿಂದ ಕಿರುಚಬೇಕು. ಮನೆಯಲ್ಲಿ ಆಗದು, ಕೆಳಗಿನ ಮನೆಯ ನಿವೃತ್ತ ಜಡ್ಜ್ ಸಾಹೇಬರು ಮಿಕ್ಸಿ ತಿರುಗಿದರೂ ಚೀಟಿ ಕಳಿಸುವವರು. ನದಿಯಲ್ಲಾದರೆ ಕಿರುಚಿದಷ್ಟೂ ಮರ್ಯಾದೆ.

“ನೀರಿನ ವಿಷಯ ನಿಮ್ಮಷ್ಟು ಗೊತ್ತಿರೋರು ಇನ್ಯಾರಿದ್ದಾರೆ?” ಎಂದಳು ಹೆಂಡತಿ.

ಕಾಲೇಜು ಓದುತ್ತಿದ್ದ ಮಗಳು ಮೂರು ನದಿಗಳ ಜಾಹೀರಾತು ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದಳು. “ಜೋರಾಗಿರೋದೇ ಬೇಕು ಅಪ್ಪಾ. ಸುಮ್ನೆ ಕೆರೆ ಥರ ಇರೋದನ್ನ ಆರಿಸ್ಬೇಡ.”

“ಛೆ ಛೆ, ನನ್ನನ್ನ ಏನಂದ್ಕೊಂಡಿದ್ದೀಯ?” ಎಂದು ಪರೀಕ್ಷಕರು ಗುಡುಗಿದರು. ಗುಡುಗು ಚೆನ್ನಾಗಿಯೇ ಬಂತು. ಒಳಗಿನ ಸಮಾಚಾರ ಬೇರೆ ಇತ್ತು.

ಒಳಗಿನ ಸಮಾಚಾರವೇನೆಂದರೆ, ನಗರದ ನೀರು ಪರೀಕ್ಷಾಲಯದಲ್ಲಿ ಮೂವತ್ತು ವರ್ಷ ಸೇವೆ ಸಲ್ಲಿಸಿದ ಈ ಜಲಪುರುಷರಿಗೆ ನೀರೆಂದರೆ ಪ್ರಾಣಭಯ. ಎರಡು ಲೀಟರಿನವರೆಗೆ ತೊಂದರೆಯಿಲ್ಲ. ಸೀಸೆಯಲ್ಲಿ, ಮುಚ್ಚಳ ಬಿಗಿದು, ಲೇಬಲ್ಲು ಅಂಟಿಸಿಕೊಂಡು ಬಂದ ನೀರಿನೆದುರು ಅವರು ಸಿಂಹ. ಅದಕ್ಕಿಂತ ಹೆಚ್ಚಿನ ನೀರು ಒಂದೇ ಕಡೆ ಸೇರಿದರೆ ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ. ಈಜು ಬಾರದು. ಈ ಗುಟ್ಟನ್ನು ಅವರು ಇಪ್ಪತ್ತೈದು ವರ್ಷ ಹೆಂಡತಿಯಿಂದ ಕಾಪಾಡಿಕೊಂಡು ಬಂದಿದ್ದರು (ಎಂದು ಅವರು ತಿಳಿದಿದ್ದರು).

ಹಾಗಾಗಿ ಅವರ ಮುಂದಿದ್ದದ್ದು ಬಹಳ ಸೂಕ್ಷ್ಮವಾದ ರಾಜತಂತ್ರ: ಹೇಳುವಾಗ ಘೋರವಾಗಿರಬೇಕು, ಇಳಿದಾಗ ತೊಟ್ಟಿಲಿನಂತಿರಬೇಕು. ಅಂಥ ನದಿ ಯಾವುದು?

ಮರುದಿನ ಪರೀಕ್ಷಾಲಯದಲ್ಲಿ ಅವರು ಪರೀಕ್ಷೆಗೆಂದು ಬಂದಿದ್ದ ಮೂರೂ ನದಿಗಳ ನೀರಿನ ಮಾದರಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ನದಿಗೆ ಹೋಗಿ ಆ ಸೀಸೆಗಳನ್ನು ತುಂಬಿ ತರುವವನು, ಪರೀಕ್ಷಾಲಯದಲ್ಲಿ ಎಲ್ಲರೂ ‘ಬುಡ್ಡಿ ಮಾಸ್ತರ’ ಎಂದು ಕರೆಯುವ ನೌಕರ, ಪಕ್ಕದಲ್ಲೇ ನಿಂತು ಸೀಸೆ ತೊಳೆಯುತ್ತಿದ್ದ. ಆ ನದಿಗಳನ್ನು ಕಣ್ಣಾರೆ ಕಂಡವನು ಇಡೀ ಕಟ್ಟಡದಲ್ಲಿ ಅವನೊಬ್ಬನೇ. ಅವನನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಹಿರಿಯ ಪರೀಕ್ಷಕರು ಸೀಸೆ ತರುವವನನ್ನು ನದಿಯ ಬಗ್ಗೆ ಕೇಳುವುದೆಂದರೇನು? ವಿಜ್ಞಾನಕ್ಕೆ ಒಂದು ಘನತೆ ಬೇಡವೆ?

ಮೊದಲ ಸೀಸೆಯ ನೀರು ಕೆಂಪು ಮಣ್ಣಿನ ಬಣ್ಣದ್ದು. ಅಲುಗಿಸಿದರೆ ತಳದಿಂದ ಕೆಸರು ಏಳುತ್ತಿತ್ತು. ‘ಪುಂಡ ನದಿ’ ಎಂದು ತೀರ್ಮಾನಿಸಿದರು. ಸದಾ ಜಗಳ ಕಾಯುತ್ತ, ಮಣ್ಣೆರಚುತ್ತ ಹರಿಯುವ ಜಾತಿ. ಎರಡನೆಯದು ಹಸಿರು ಮಿಶ್ರಿತ ಮಬ್ಬು. ಮನಸ್ಸಿನಲ್ಲಿ ಒಂದಿಟ್ಟುಕೊಂಡು ಹೊರಗೆ ಇನ್ನೊಂದು ತೋರಿಸುವ ಪೈಕಿ. ಮೂರನೆಯದನ್ನು ಬೆಳಕಿಗೆ ಹಿಡಿದಾಗ ಪರೀಕ್ಷಕರ ಮುಖ ಅರಳಿತು. ಸೀಸೆ ಖಾಲಿಯಿದೆಯೋ ಎನ್ನುವಷ್ಟು ತಿಳಿ! ಅದರ ಜೊತೆಗೇ ಬಂದಿದ್ದ ಪುಟ್ಟ ಸೀಸೆಯಲ್ಲಿ, ನದಿ ದಡದಲ್ಲೇ ಔಷಧಿ ಹನಿ ಹಾಕಿ ತಂದ ನೀರಿನ ತಳದಲ್ಲಿ, ಕಡು ಕಂದು ಬಣ್ಣದ ಗಸಿ ಕೂತಿತ್ತು. ಗಸಿ ಕಂದಾದಷ್ಟೂ ನೀರಿನಲ್ಲಿ ಕರಗಿದ ಆಮ್ಲಜನಕ ಜಾಸ್ತಿ. ಅಳೆದು ನೋಡಿದರು. ಮೂವತ್ತು ವರ್ಷದಲ್ಲಿ ಅವರು ಕಂಡ ಅತಿ ದೊಡ್ಡ ಅಂಕಿ.

“ಆಹಾ! ಎಂಥ ಸಂಭಾವಿತ ನದಿ!” ಎಂದು ಉದ್ಗರಿಸಿದರು. ಕೆಸರಿಲ್ಲ, ಗಲಾಟೆಯಿಲ್ಲ, ಬೆಳಗಿನ ವಾಯುಸೇವನೆಗೆ ಹೊರಟ ಹಿರಿಯರಂತೆ ಶುದ್ಧ ಗಾಳಿ ಕುಡಿಯುತ್ತ ಮೆಲ್ಲಗೆ ನಡೆಯುವ ನದಿ. ಸೀಸೆಯೊಳಗೆ ಅದು ನಿಂತಿದ್ದ ರೀತಿಯಲ್ಲೇ ಸಂಸ್ಕಾರ ಕಾಣುತ್ತಿತ್ತು. (ಸೀಸೆಯೊಳಗೆ ಒಂದು ದಿನ ಕೂಡಿಹಾಕಿದರೆ ಯಾವ ನದಿಯೂ ಹಾಗೆಯೇ ನಿಲ್ಲುತ್ತದೆ ಎಂಬ ಅಲ್ಪ ವಿಚಾರ ಆ ಮಹಾಮೇಧಾವಿಗೆ ಹೊಳೆಯಲಿಲ್ಲ.)

ಬುಡ್ಡಿ ಮಾಸ್ತರ ಒಮ್ಮೆ ಕೆಮ್ಮಿದ. “ಸಾರ್, ಆ ಮೂರನೇದು...”

“ನಿನ್ನ ಕೆಲಸ ನೋಡಪ್ಪ” ಎಂದರು ಪರೀಕ್ಷಕರು. ಅವನು ನೋಡಿದ.

ಸಂಜೆ ಮನೆಯಲ್ಲಿ ಅವರು ಎದ್ದು ನಿಂತು ತೀರ್ಪು ಓದಿದರು. “ಮೂರನೇ ನದಿ. ಭಯಂಕರ! ಘನಘೋರ! ಗುಂಡಿಗೆ ಗಟ್ಟಿಯಿದ್ದವರು ಮಾತ್ರ ಬರಬೇಕು.”

“ನಿಜವಾಗ್ಲೂ?” ಹೆಂಡತಿಯ ಕಣ್ಣು ಮಿನುಗಿತು.

“ನಾನು ಸುಳ್ಳು ಹೇಳ್ತೀನಾ?”

ಹೇಳಿದ್ದು ಸುಳ್ಳೇ. ಆದರೆ ಆ ಸಂಜೆ ಅವರ ಬಾಯಿಂದ ಅವರಿಗೇ ಗೊತ್ತಿಲ್ಲದಂತೆ ಪರಮಸತ್ಯ ಹೊರಬಿದ್ದಿತ್ತು.

ಮುಂದಿನ ಭಾನುವಾರ ನದಿ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ವ್ಯಾನಿನಿಂದ ಇಳಿದ ಪರೀಕ್ಷಕರು, “ಇಲ್ಲೆಲ್ಲೋ ಕಾರ್ಖಾನೆ ಇರಬೇಕು” ಎಂದರು. ಕಾರ್ಖಾನೆ ಇರಲಿಲ್ಲ. ತಿರುವು ದಾಟಿದರೆ, ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಸಂಭಾವಿತ ನದಿ ಬೆಳ್ಳಗೆ ನೊರೆ ಕಾರುತ್ತ, ಎಗರಿ, ಕುಪ್ಪಳಿಸಿ, ತಲೆಕೆಳಗಾಗಿ ಬೀಳುತ್ತಿತ್ತು.

ದೋಣಿ ನಡೆಸುವಾಕೆ ಅಗಲ ಭುಜದ, ಒಡೆದ ದನಿಯ, ನಡುವಯಸ್ಸಿನ ಹೆಂಗಸು, ಎಲ್ಲರಿಗೂ ‘ದೋಣಿಯಕ್ಕ’. ಹೆಲ್ಮೆಟ್ಟಿನ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿಕೊಂಡಿದ್ದಳು. ಪರೀಕ್ಷಕರು ಅವಳ ಬಳಿ ಸರಿದು ಪಿಸುಗುಟ್ಟಿದರು:

“ಅಲ್ಲಮ್ಮಾ, ಈ ನದೀಲಿ ಕೆಸರೇ ಇಲ್ಲ. ಆಮ್ಲಜನಕ ಅಷ್ಟೊಂದು ಇದೆ. ಶಾಂತವಾಗಿರಬೇಕಿತ್ತಲ್ಲ?”

“ಕೆಸರೆಲ್ಲಿಂದ ಬರ್ಬೇಕು ಸಾರ್? ಇಲ್ಲಿರೋದು ಬರೀ ಬಂಡೆ. ಕೆಸರಿನ ನದಿ ಬೇಕಿದ್ರೆ ಆ ಕೆಂಪು ನೀರಿನ ನದಿಗೆ ಹೋಗ್ಬೇಕಿತ್ತು, ಮಕ್ಕಳು ಟೈರ್ ಟ್ಯೂಬ್ ಹಾಕ್ಕೊಂಡು ತೇಲ್ತಾ ಇರ್ತಾರೆ. ಇದು ಬಂಡೆಗೆ ಬಡಿದು ಬಡಿದು ನೊರೆ ಆಗುತ್ತಲ್ಲ, ಗಾಳಿಯೆಲ್ಲ ಹಾಗೇ ನೀರೊಳಗೆ ಸೇರೋದು. ಮೀನಿಗೆ ಬಹಳ ಸುಖ.”

ಮೂವತ್ತು ವರ್ಷದ ಹಿಂದೆ ಪರೀಕ್ಷೆಗೆಂದು ಓದಿ, ನೌಕರಿ ಸಿಕ್ಕಿದ ದಿನವೇ ಮರೆತಿದ್ದ ಪಾಠವೊಂದು ಪರೀಕ್ಷಕರ ತಲೆಯಲ್ಲಿ ಪುಟ ಸಮೇತ ತೆರೆದುಕೊಂಡಿತು. ಪುಸ್ತಕ ಸರಿಯಾಗಿಯೇ ಇತ್ತು. ಈಗ ಅದರಿಂದ ಉಪಯೋಗವಿರಲಿಲ್ಲ.

ದೋಣಿಯಕ್ಕ ಎಲ್ಲರಿಗೂ ಲೈಫ್ ಜಾಕೆಟ್ ಬಿಗಿದಳು. “ಜಾಕೆಟ್ಟಿಗೆ ಕಟ್ಟಿರೋ ಈ ಸೀಟಿ ನೋಡಿ. ಜೀವ ಹೋಗೋ ಹಾಗಿದ್ರೆ ಮಾತ್ರ ಊದಬೇಕು. ಊದಿದ್ರೆ ಮುಗೀತು, ಹಿಂದೆ ಮುಂದೆ ಇರೋ ದೋಣಿಯೆಲ್ಲ ದಡಕ್ಕೆ ಬರುತ್ತೆ, ಆವತ್ತಿನ ಸವಾರಿ ಬಂದ್. ದಾರೀಲಿ ನಾಲ್ಕು ಬೀಳು ಇದೆ, ನೀರು ಧುಮುಕೋ ಜಾಗ. ಕೊನೇದು ಎಲ್ಲಕ್ಕಿಂತ ದೊಡ್ಡದು. ದೊಡ್ಡಮ್ಮ ಅಂತೀವಿ.”

“ದೊಡ್ಡಮ್ಮನ ಹತ್ರ ಕಿರುಚ್ತೀನಿ” ಎಂದಳು ಹೆಂಡತಿ, ಗಂಟಲು ಸವರಿಕೊಳ್ಳುತ್ತ.

ಅಲ್ಲಿಂದ ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದೇ ದಯೆ. ಮೊದಲ ಬೀಳಿಗೆ ಇನ್ನೂ ನೂರು ಗಜವಿರುವಾಗಲೇ ಪರೀಕ್ಷಕರು ಕಿರುಚಲು ಆರಂಭಿಸಿದರು. ಅದು ಸಾಮಾನ್ಯ ಕಿರುಚಾಟವಲ್ಲ. ಮಂದ್ರದಲ್ಲಿ ಹೊರಟು, ತಾರಕಕ್ಕೇರಿ, ಉಸಿರಿಗೂ ನಿಲ್ಲದೆ ಮುಂದುವರಿಯಿತು. ಹುಟ್ಟು ಹಾಕುವುದನ್ನು ಬಿಟ್ಟು ಹುಟ್ಟನ್ನೇ ತಬ್ಬಿಕೊಂಡರು. ಒಮ್ಮೆ ಎದ್ದು ದೋಣಿಯಕ್ಕನ ಮಡಿಲಲ್ಲಿ ಕೂರಲು ನೋಡಿದರು. ದೋಣಿ ಬುಗುರಿಯಂತೆ ತಿರುಗತೊಡಗಿದಾಗ, ಆ ಗದ್ದಲವನ್ನೆಲ್ಲ ಸೀಳಿಕೊಂಡು ನಿಶ್ಚಲವಾದ, ತಂಪಾದ ದನಿಯೊಂದು ಕೇಳಿಸಿತು:

“ದಯವಿಟ್ಟು ಗಮನಿಸಿ. ಎಡಗಡೆ ಕೂತವರು ಹಿಂದಕ್ಕೆ ಹುಟ್ಟು ಹಾಕತಕ್ಕದ್ದು. ಬಲಗಡೆಯ ಬಂಡೆ ಇನ್ನು ಕೆಲವೇ ಕ್ಷಣಗಳಲ್ಲಿ ಬಂದು ಸೇರಲಿದೆ. ನೀಲಿ ಜಾಕೆಟ್ಟಿನ ಪ್ರಯಾಣಿಕರು ತಮ್ಮ ಜಾಗದಲ್ಲೇ ಕೂರಬೇಕಾಗಿ ವಿನಂತಿ.”

ನೀಲಿ ಜಾಕೆಟ್ಟಿನ ಪ್ರಯಾಣಿಕರು ಕೂತರು. ಎಲ್ಲರೂ ಆ ದನಿಗೆ ಸರಿಯಾಗಿ ಹುಟ್ಟು ಹಾಕಿದರು. ನಾಲ್ಕೂ ಬೀಳು ದಾಟಿ ದೋಣಿ ದಡ ಮುಟ್ಟಿತು. ದೊಡ್ಡಮ್ಮನ ಬಾಯಿಂದಲೂ ಬದುಕಿ ಬಂದ ಪರೀಕ್ಷಕರು ಮರಳಿನ ಮೇಲೆ ಅಂಗಾತ ಬಿದ್ದು ಆಕಾಶಕ್ಕೆ ಕೈಮುಗಿದರು. ಪಕ್ಕಕ್ಕೆ ತಿರುಗಿದರೆ ಹೆಂಡತಿ ಸಪ್ಪೆ ಮೋರೆ ಹಾಕಿ ಕೂತಿದ್ದಳು.

“ಏನಾಯ್ತೇ?”

“ಏನಾಗ್ಬೇಕು? ನೂರು ಮೈಲಿ ಬಂದು ಇಲ್ಲೂ ಡ್ಯೂಟಿ ಮಾಡಿದ ಹಾಗಾಯ್ತು. ಕಿರುಚೋದೆಲ್ಲ ನೀವೇ ಕಿರುಚಿಬಿಟ್ರಿ. ನನಗೆ ಒಂದು ಚೂರೂ ಉಳಿಸಲಿಲ್ಲ.”

ಆ ಮುಖ ನೋಡಿ ಪರೀಕ್ಷಕರಿಗೆ ತಡೆಯಲಾಗಲಿಲ್ಲ. ಎದ್ದು ಕೂತರು. ಹೇಳಿಯೇಬಿಟ್ಟರು: “ನೋಡೇ, ನನಗೆ ಈಜು ಬರಲ್ಲ. ನೀರು ಕಂಡ್ರೆ ಭಯ. ಇಷ್ಟು ವರ್ಷ ಮುಚ್ಚಿಟ್ಟಿದ್ದೆ.”

“ಎಲ್ಲಿ ಮುಚ್ಚಿಟ್ರಿ? ಮದುವೆಯಾದ ವಾರದಲ್ಲೇ ಗೊತ್ತಾಯ್ತು. ತಲೆಗೆ ನೀರು ಹಾಕ್ಕೊಳ್ಳೋವಾಗ ನಲ್ಲಿ ಹಿಡ್ಕೊಂಡು ನಿಲ್ತೀರಲ್ಲ!”

“ಗೊತ್ತಿದ್ದೂ ನದಿ ಆರಿಸು ಅಂದ್ಯಾ?”

“ನೀವು ಆರಿಸಿದ್ರೆ ಮೆತ್ತಗಿರೋದು ಸಿಗುತ್ತೆ, ನಿಮಗೂ ಕಷ್ಟ ಆಗಲ್ಲ, ನಾನೂ ಹೇಗೋ ಕಿರುಚ್ಕೊಂಡು ಬರ್ತೀನಿ ಅಂತ.”

ಪರೀಕ್ಷಕರು ಮೂಗು ಒರೆಸಿಕೊಂಡರು. ಆಮೇಲೆ ಅವರ ಜೀವಮಾನದಲ್ಲೇ ಅತಿ ಧೀರವಾದ ಮಾತಾಡಿದರು. “ಮಧ್ಯಾಹ್ನದ ದೋಣೀಲಿ ಇನ್ನೊಂದು ಸಲ ಹೋಗೋಣ. ಈ ಸಲ ನನ್ನ ಬಾಯಿಂದ ಒಂದು ಶಬ್ದ ಬಂದ್ರೆ ಕೇಳು.”

“ಅಪ್ಪಾ, ಆಗಲ್ಲ ನಿನ್ನ ಕೈಲಿ” ಎಂದಳು ಮಗಳು.

“ಬಾಯಿಗೆ ಏನಾದ್ರೂ ಕಚ್ಕೊಂಡು ಕೂತ್ಕೋತೀನಿ.”

ಮಾತು ಉಳಿಸಿಕೊಂಡರು. ಮಧ್ಯಾಹ್ನ ದೋಣಿ ನೀರಿಗಿಳಿದಾಗ ಅವರು ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟು ಹಲ್ಲು ಬಿಗಿದರು. ಮೊದಲ ಬೀಳಿನಲ್ಲಿ ಉಸಿರು ಬಿಗಿಹಿಡಿದರು. ಎರಡನೆಯದರಲ್ಲಿ ಹಿಡಿದರು. ಮೂರನೆಯದರಲ್ಲಿ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದರೂ ಹಿಡಿದರು. ಹೆಂಡತಿ ಹೆಮ್ಮೆಯಿಂದ ನೋಡಿದಳು. ಎದುರಿಗೆ ದೊಡ್ಡಮ್ಮ ಬಾಯಿ ತೆರೆದು ನಿಂತಿದ್ದಳು. ಹೆಂಡತಿ ಎದೆ ತುಂಬ ಗಾಳಿ ತುಂಬಿಕೊಂಡಳು. ಇಪ್ಪತ್ತೆರಡು ವರ್ಷದ ಕಿರುಚಾಟ ಗಂಟಲಿನ ಅಂಚಿಗೆ ಬಂದು ನಿಂತಿತು. ಅದೇ ಗಳಿಗೆಯಲ್ಲಿ ಪರೀಕ್ಷಕರು, ಇನ್ನು ತಡೆಯಲಾರದೆ, ಹಿಡಿದಿದ್ದ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟರು.

ಬಾಯಲ್ಲಿದ್ದದ್ದು ಜಾಕೆಟ್ಟಿನ ಸೀಟಿ.

ಪೀ...ಪ್! ಕಣಿವೆಯೆಲ್ಲ ಮಾರ್ದನಿಸಿತು. ದೋಣಿಯಕ್ಕ ಗಕ್ಕನೆ ದೋಣಿಯನ್ನು ದಡಕ್ಕೆ ತಿರುಗಿಸಿದಳು. ಹಿಂದಿನ ದೋಣಿ ಬಂತು, ಅದರ ಹಿಂದಿನದೂ ಬಂತು. ಹಗ್ಗ ಹಿಡಿದು ಇಬ್ಬರು ಓಡಿಬಂದರು, ಸ್ಟ್ರೆಚರ್ ಹಿಡಿದು ಇನ್ನಿಬ್ಬರು. “ಯಾರಿಗೆ ಏನಾಯ್ತು?” ಎಂದು ಇಪ್ಪತ್ತು ಜನ ಸುತ್ತುಗಟ್ಟಿದರು. ದೊಡ್ಡಮ್ಮ ಮೂವತ್ತು ಗಜ ದೂರದಲ್ಲಿ ತನ್ನಷ್ಟಕ್ಕೆ ಭೋರ್ಗರೆಯುತ್ತಿದ್ದಳು. ಸವಾರಿ ಬಂದ್.

ಪರೀಕ್ಷಕರು ಸೀಟಿಯನ್ನು ಬಾಯಿಂದ ತೆಗೆದು ಹೆಂಡತಿಯ ಕಡೆ ತಿರುಗಿದರು. “ನೋಡೇ, ಬಾಯಿಂದ ಒಂದು ಶಬ್ದ...”

ಆಗ ಬಂತು.

ಅದು ಕಾಲಿನ ಹೆಬ್ಬೆರಳಿನಿಂದ ಹೊರಟ ಕಿರುಚಾಟ. ಏಳು ಗಂಟೆ ತಡವಾದ ಗಾಡಿಗಳು, ಕುತ್ತಿಗೆಗೆ ಬಿದ್ದ ಹಲ್ಲಿ, ಎರಡನೇ ಕಪಾಟಿನ ಜಿರಳೆ, ಜಡ್ಜ್ ಸಾಹೇಬರ ಚೀಟಿಗಳು ಎಲ್ಲವೂ ಅದರಲ್ಲಿದ್ದವು. ಮಾತಿರಲಿಲ್ಲ, ಬರೀ “ರೀ...!” ಎಂಬ ಒಂದಕ್ಷರ ಅಷ್ಟುದ್ದ ಎಳೆದುಕೊಂಡು ಹೋಗಿ ಎದುರು ದಡದ ಮರಗಳಿಗೆ ಬಡಿಯಿತು. ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಸ್ಟ್ರೆಚರ್ ಹಿಡಿದಿದ್ದವರು ಅದನ್ನು ಕೈಬಿಟ್ಟರು. ಪರೀಕ್ಷಕರು, ಅದು ಹೇಗೂ ಪಕ್ಕದಲ್ಲೇ ಬಿದ್ದಿದ್ದರಿಂದ, ಅದರ ಮೇಲೆ ಕೂತರು.

ಹೆಂಡತಿ ಉಸಿರೆಳೆದುಕೊಂಡಳು. ಮುಖದಲ್ಲಿ ಮದುವೆಯ ದಿನದ ಕಳೆ ಬಂದಿತ್ತು.

“ಅಬ್ಬ! ಎಷ್ಟು ಹಗುರಾಯ್ತು ಅಂತೀರಿ!” ಎಂದಳು, ಒಡೆದ ದನಿಯಲ್ಲಿ.

“ಇನ್ನು ದೊಡ್ಡಮ್ಮ ಹೆದ್ರಿ ನೀವಿರೋ ಕಡೆ ಬರಲ್ಲ ಬಿಡಿ ಮೇಡಂ” ಎಂದಳು ದೋಣಿಯಕ್ಕ.

ವ್ಯಾನಿನಲ್ಲಿ ಹೆಂಡತಿ ಇವರ ಭುಜಕ್ಕೆ ತಲೆಯಿಟ್ಟು, ನಿದ್ದೆಗೆ ಜಾರುವ ಮುನ್ನ ಗೊಗ್ಗರು ದನಿಯಲ್ಲಿ ಹೇಳಿದಳು: “ಮುಂದಿನ ವರ್ಷಾನೂ ನದಿ ನೀವೇ ಆರಿಸಿ. ನಿಮ್ಮಷ್ಟು ಚೆನ್ನಾಗಿ ಇನ್ಯಾರೂ ನನ್ನ ಕೈಲಿ ಕಿರುಚಿಸಲಾರರು.” ಪರೀಕ್ಷಕರು ಇದನ್ನು ಹೊಗಳಿಕೆಯೆಂದೇ ಸ್ವೀಕರಿಸಿ ಎದೆಯುಬ್ಬಿಸಿದರು; ಭುಜ ಅಲುಗದಷ್ಟು ಮಾತ್ರ.

ಸೋಮವಾರ ಪರೀಕ್ಷಾಲಯದಲ್ಲಿ ಬುಡ್ಡಿ ಮಾಸ್ತರ ಮೂರನೇ ನದಿಯ ಹೊಸ ಸೀಸೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. “ಆವತ್ತು ಅದನ್ನೇ ಹೇಳೋಕೆ ಬಂದೆ ಸಾರ್. ಈ ಒಂದು ಸೀಸೆ ತುಂಬೋದಕ್ಕೆ ನಾನು ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳೀತೀನಿ. ಹೆದರ್ಕೊಂಡ್ರಾ?”

“ನಾನೇ?” ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡರು. “ಕೊನೇ ಸವಾರೀಲಿ ನನ್ನ ಬಾಯಿಂದ ಒಂದು ಕಿರುಚಾಟ ಬರಲಿಲ್ಲ ಕಣಯ್ಯ. ಕಿರುಚಿದ್ದೆಲ್ಲ ನಮ್ಮನೆಯವಳು.”

ಅಕ್ಷರಶಃ ನಿಜ. ಪ್ರಮಾಣ ಮಾಡಿಯೂ ಹೇಳಬಹುದಿತ್ತು.

ಬುಡ್ಡಿ ಮಾಸ್ತರ ವಿನಯದಿಂದ ತಲೆಯಾಡಿಸಿದ. “ಸರಿ ಸಾರ್. ಆ ದೋಣಿಯಕ್ಕ ನನ್ನ ಒಡಹುಟ್ಟಿದ ಅಕ್ಕ” ಎಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಫೋನನ್ನು ಸೀಸೆಗಳ ಮಧ್ಯೆ ಒರಗಿಸಿ, ಅಕ್ಕ ಕಳಿಸಿದ್ದ ವಿಡಿಯೋ ಒತ್ತಿದ.

ಪರೀಕ್ಷಾಲಯದ ಮೂಲೆಮೂಲೆಯಿಂದ ಜನ ಎದ್ದು ಬರುವಷ್ಟು ಜೋರಾಗಿ ಸೀಟಿ ಕೇಳಿಸಿತು.