ಕಡಲಿಗೆ ಬೆನ್ನು ಹಾಕಿದ ಕಾಕಾ

ನನ್ನ ಕಾಕಾನ ಜೊತೆ ಯಾರಾದರೂ ಪ್ರವಾಸ ಹೊರಟಿದ್ದರೆ ಮೊದಲು ನನ್ನನ್ನು ಬಂದು ಕಾಣಿರಿ. ಕೈಮುಗಿದು ಬೇಡವೆಂದು ಹೇಳುತ್ತೇನೆ! ಶಹಾಪುರದಿಂದ ಬಸ್ಸುಗಳನ್ನು ಬದಲಿಸುತ್ತ, ಮೈ ಹಣ್ಣಾಗಿಸಿಕೊಂಡು ಕಡಲತಡಿಗೆ ಹೋಗಿ, ಕಡಲನ್ನೇ ನೋಡದೆ ವಾಪಸು ಬಂದ ಮಹಾನುಭಾವ ಇನ್ನೊಬ್ಬ ಎಲ್ಲಾದರೂ ಇದ್ದಾನೆಯೇ?

ಹೋದದ್ದು ಚಿಗವ್ವನಿಗಾಗಿ, ಅಂದರೆ ಅವನ ಹೆಂಡತಿಗಾಗಿ. ಆಕೆಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಇನ್ನು ಮಾಡುವಂಥದ್ದು ಏನೂ ಇಲ್ಲ, ಕಾಣುವಷ್ಟು ದಿನ ಬೇಕಾದ್ದು ನೋಡಿಕೊಳ್ಳಲಿ ಎಂದು ಕಲಬುರಗಿಯ ಡಾಕ್ಟರು ಕೈಚೆಲ್ಲಿದರು. ಏನು ನೋಡುತ್ತೀ ಎಂದು ಕೇಳಿದರೆ, ತವರು ಕೊಡೇಕಲ್ಲು, ಈ ದವಾಖಾನೆ ಬಿಟ್ಟು ಬೇರೆಲ್ಲೂ ಕಾಲಿಡದ ಆ ಹೆಂಗಸು ಸಮುದ್ರ ಎಂದಳು! ಹೋಳಿ ಮುಗಿಸಿಕೊಂಡು ಕುಮಟಾದ ಕಡೆಯ ಹಳೆಯ ಹೋಟೆಲ್ಲೊಂದಕ್ಕೆ ಮೂವರೂ ಹೋದೆವು. ಹಿಂದೆ ಯಾವನೋ ಬಿಳಿ ಸಾಹೇಬ ಹಾಕಿಸಿದ ತೋಟ ಅದರ ಸುತ್ತ. ವಸಂತದಲ್ಲಿ ಅದನ್ನು ನೋಡಲೆಂದೇ ಜನ ಬರುತ್ತಾರಂತೆ. ತೋಟ ದಾಟಿದರೆ ಕಡಲು.

ಕೋಣೆ ಹೊಕ್ಕವನೇ ಕಾಕಾ ನಲ್ಲಿ ತಿರುವಿದ. ನೀರು ಬಂತು. ಮುಗಿಯಿತು ನಮ್ಮ ಕಥೆ! ಬಕೆಟ್ಟು, ಚೊಂಬು, ಚಹದ ಕಪ್ಪು, ಕೊನೆಗೆ ಹೂದಾನಿಯ ಹೂ ಕಿತ್ತು ಅದಕ್ಕೂ ನೀರು ತುಂಬಿಸಿದ. ಯಾವಾಗ ಬಂದ್ ಮಾಡುತ್ತಾರೋ ಯಾರಿಗೆ ಗೊತ್ತು ಎಂಬುದು ಅವನ ವಾದ. ದೋರನಹಳ್ಳಿಯ ನಮ್ಮ ಹೊಲ ಕಾಲುವೆಯ ಕಟ್ಟಕಡೆಗೆ ಇದೆ. ಮೇಲಿನ ಭತ್ತದವರು ಬಿಟ್ಟರೆ ನಮಗೆ ನೀರು, ಇಲ್ಲದಿದ್ದರೆ ಅವರಿಗೆ ಬೈಗುಳ. ಆ ಸಂಜೆ ಚಹ ಬಂದಾಗ ಕುಡಿಯಲು ಕಪ್ಪೇ ಇರಲಿಲ್ಲ.

ಮರುದಿನ ಕಡಲಿಗೆ ಹೊರಟರೆ, ನೀವು ನಡೆಯಿರಿ ಎಂದು ಕಾಕಾ ತೋಟದಲ್ಲೇ ಉಳಿದ. ತಿರುಗಿ ಬರುವಷ್ಟರಲ್ಲಿ ಅನಾಹುತವಾಗಿತ್ತು. ಮೊದಲ ಮಡಿಯ ಗುಲಾಬಿಗೆ ನೀರೋ ನೀರು, ಕೊನೆಯ ಮಡಿಯ ಕನಕಾಂಬರ ಒಣಗಿ ನಿಂತಿತ್ತು. ಕಾಕಾ ಸುಮ್ಮನಿರುತ್ತಾನೆಯೇ? ಮಾಲಿಯ ಸಲಿಕೆ ಕಸಿದು, ಮೇಲೆ ಒಡ್ಡು ಕಟ್ಟಿ ನೀರು ತಿರುವಿದ್ದ. ಅದು ಇಳಿಜಾರು ಹಿಡಿದು ನಾಷ್ಟಾದ ಟೇಬಲ್ಲುಗಳ ಕೆಳಗೆ ನುಗ್ಗಿತ್ತು. ಪ್ರವಾಸಿಗಳು ಕಾಲೆತ್ತಿಕೊಂಡು ಇಡ್ಲಿ ತಿನ್ನುತ್ತಿದ್ದರು!

ಓಡಿಬಂದ ಮ್ಯಾನೇಜರನನ್ನೇ ಕಾಕಾ ಕೇಳಿದ: “ನಿಮ್ಮಲ್ಲಿ ಪಾಳಿ ಅನ್ನೂದು ಇಲ್ಲೇನ್ರಿ? ಕೊನೀ ಮಡಿಯವು ಏನ್ ಪಾಪ ಮಾಡ್ಯಾವು?”

ನಾನು ಕ್ಷಮೆ ಕೇಳಿ ಕೇಳಿ ಸಾಕಾದೆ. ಅಷ್ಟಾದರೂ ಕಾಕಾ ಕಡಲಿಗೆ ಬರಲಿಲ್ಲ. ಒಮ್ಮೆ ಮೊಣಕಾಲು ನೋವು, ಒಮ್ಮೆ ಚಪ್ಪಲಿಗೆ ಮರಳು ಹೊಗುತ್ತದೆಂಬ ನೆವ. ಚಿಗವ್ವ ಕರೆಯುವುದನ್ನೇ ಬಿಟ್ಟಳು. ಒಬ್ಬಳೇ ದಡದಲ್ಲಿ ನಿಂತು, ಕಣ್ಣು ಕಿರಿದು ಮಾಡಿಕೊಂಡು ದಿಟ್ಟಿಸುತ್ತಿದ್ದಳು. ಹೊರಡುವ ದಿನ ತಡೆಯಲಾಗದೆ, ನೀನು ಮನುಷ್ಯನೋ ಕಲ್ಲೋ ಎಂದುಬಿಟ್ಟೆ.

“ಸಣ್ಣಾಗಿ ಮಾತಾಡೋ ತಮ್ಮಾ, ಆಕಿ ಕೇಳ್ಯಾಳು” ಎಂದ ಕಾಕಾ. “ನಾನೂ ನೋಡಿಬಿಟ್ರ ಆಕಿ ಯಾರಿಗಿ ಹೇಳಬೇಕು? ನೋಡಿಲ್ಲಂದ್ರ ದಿನಾ ಕೇಳತೀನಿ, ದಿನಾ ಹೇಳತಾಳ. ಹೇಳಿ ಹೇಳಿ ಆಕಿಗಿ ಮರೀದಂಗ ಉಳೀತದ.”



ಈಗ ಚಿಗವ್ವನಿಗೆ ಹಗಲೂ ಕಾಣುವುದಿಲ್ಲ. ಕಾಕಾ ಹೊಲದಿಂದ ಬಂದು, ಕೈಕಾಲು ತೊಳೆದು, ಪಕ್ಕದಲ್ಲಿ ಕೂತು, ಸಮುದ್ರ ಹೆಂಗಿತ್ತು ಎಂದು ಕೇಳುತ್ತಾನೆ. ಎಷ್ಟು ಸಲ ಹೇಳಬೇಕು ನಿಮಗೆ ಎಂದು ರೇಗಿ, ಆಕೆ ಮೊದಲಿನಿಂದ ಶುರು ಮಾಡುತ್ತಾಳೆ. ಮೊನ್ನೆ ನಾನೂ ಅಲ್ಲೇ ಇದ್ದೆ. ಅಲೆಯ ಸದ್ದು ಹೇಳಿದಳು, ದೋಣಿ ಹೇಳಿದಳು. ನೀರಿನ ಬಣ್ಣಕ್ಕೆ ಬಂದಾಗ ನಿಂತುಬಿಟ್ಟಳು. ಎಷ್ಟು ತಡಕಿದರೂ ಬಣ್ಣ ಸಿಗಲಿಲ್ಲ. ನೋಡಿದ್ದವನು ನಾನು, ಹೇಳಲು ಬಾಯಿ ತೆರೆದೆ. ಕಾಕಾ ಕೈಸನ್ನೆ ಮಾಡಿ ತಡೆದ.

“ನೀನಽ ಹೇಳು. ನನಗೇನ್ ಅವಸರಿಲ್ಲ” ಎಂದು ಆಕೆಯ ಕೈ ಹಿಡಿದುಕೊಂಡು ಕೂತ.