ಮೈಗ್ರೇನ್ ಯಾರ ಮನೆಯದ್ದು?

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ನಗಲು ಬೇರೆ ಕಡೆ ಹೋಗಬೇಕಾಗಿಲ್ಲ, ಜನರೇ ಬಾಗಿಲಿಗೆ ತಂದುಕೊಡುತ್ತಾರೆ. ಅತ್ತಾವರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಈಚೆಗೆ ನನ್ನನ್ನು ಒಂದು ಸಂಶೋಧನೆಗೆ ಹಾಕಿದ್ದಾರೆ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಮೈಗ್ರೇನಿಗೂ ಆಗಬಹುದೇ ಎಂದು ಹುಡುಕುವ ಕೆಲಸ. ಆದರೆ ಯಾರಿಗೂ ಮಾತ್ರೆ ಕೊಡುವುದಿಲ್ಲ. ಆ ಮಾತ್ರೆ ಮಾಡುವ ಕೆಲಸವನ್ನು ಕೆಲವರ ಜೀನ್ ಹುಟ್ಟಿನಿಂದಲೇ ಮಾಡುತ್ತಿರುತ್ತದಂತೆ. ಅಂಥವರಿಗೆ ಮೈಗ್ರೇನ್ ಕಡಿಮೆ ಎಂದು ಕಂಡರೆ ಮಾತ್ರೆಯ ಮೇಲೂ ಆಸೆ ಇಟ್ಟುಕೊಳ್ಳಬಹುದು. ಅದಕ್ಕೆ ಇಡೀ ಕುಟುಂಬದ ರಕ್ತ ಬೇಕು, ಇಡೀ ಕುಟುಂಬದ ಕಥೆಯೂ ಬೇಕು. ರಕ್ತ ಬೇಗ ಸಿಗುತ್ತದೆ.

ಅಪ್ಪನಿಲ್ಲದ ವಂಶ

ಬಲ್ಮಠದಿಂದ ಒಂದು ಕುಟುಂಬ ಬಂತು. ತಲೆನೋವು ಇದ್ದದ್ದು ನಡುವಯಸ್ಸಿನ ಹೆಂಗಸಿಗೆ; ನಾನು ಅವರನ್ನು ಅಕ್ಕ ಎಂದೇ ಕರೆಯುವುದು. ಜೊತೆಗೆ ಹೋಟೆಲ್ ನಡೆಸುವ ಅವರ ಅಣ್ಣ, ಮೂಲೆಯ ಕುರ್ಚಿಯಲ್ಲಿ ಸದ್ದಿಲ್ಲದ ಗಂಡ. ನಮ್ಮ ಡಾಕ್ಟರಮ್ಮ ಧಾರವಾಡದ ಕಡೆಯವರು, ಊರಿಗೆ ಹೊಸಬರು. "ಮನೆಯವರ ಬಗ್ಗೆ ಹೇಳ್ರಿ" ಎಂದರು.

ಅಕ್ಕ ಶುರುಮಾಡಿದರು. ಅಮ್ಮ, ಅಜ್ಜಿ, ಅಜ್ಜಿಯ ಅಕ್ಕತಂಗಿಯರು, ಅಮ್ಮನ ಅಣ್ಣತಮ್ಮಂದಿರು. ಹಾಳೆ ತುಂಬಿತು. ಡಾಕ್ಟರಮ್ಮ ಪೆನ್ನು ಹಿಡಿದುಕೊಂಡೇ ಕೇಳಿದರು, "ಯಾರಿಗೂ ತಂದೆನೇ ಇಲ್ಲೇನ್ರಿ?"

"ಉಂಟು. ಆದ್ರೆ ಅವರು ನಮ್ಮ ಕುಟುಂಬ ಅಲ್ಲ ಅಲ್ವಾ? ಅವರ ಬಳಿ ಬೇರೆ."

ಬಳಿ ಎಂದರೆ ಗೋತ್ರದ ಹಾಗೆ, ಅಳಿಯಕಟ್ಟಿನ ಮನೆಗಳಲ್ಲಿ ಅದು ಬರುವುದು ತಾಯಿಯಿಂದ ಎಂದು ನಾನು ಬಿಡಿಸಿ ಹೇಳಿದೆ. ಡಾಕ್ಟರಮ್ಮ ಮೂಲೆಯ ಕಡೆ ತಿರುಗಿದರು. "ಬಳಿ ಹೆಂಗರ ಇರಲಿ, ನಿಮ್ಮ ಮಗಳ ಜೀನಿನಾಗ ಅರ್ಧ ನಿಮ್ಮದೇ ರೀ."

ಗಂಡ ಮೊದಲ ಸಲ ಬಾಯಿಬಿಟ್ಟರು. "ಡಾಕ್ಟ್ರೇ, ಇದನ್ನು ಒಮ್ಮೆ ನನ್ನ ಭಾವನಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳ್ತೀರಾ?"

ರುಚಿ ನೋಡಿದ್ದು

ಆ ಭಾವನದ್ದೇ, ಅಂದರೆ ಹೋಟೆಲಿನ ಅಣ್ಣನದ್ದೇ, ಮುಂದಿನ ಕಥೆ. ತಂಗಿಯ ತಲೆನೋವನ್ನು ಅವರು ನಂಬುವವರೇ ಅಲ್ಲ. "ಎಂತ ಮೈಗ್ರೇನ್ ಸಿಸ್ಟರ್? ಕೆಲಸ ಬಂದ ದಿನವೇ ಇವಳಿಗೆ ತಲೆ ಹಿಡೀತದೆ. ನಮ್ಮ ಗಂಡಸರಲ್ಲಿ ಯಾರಿಗಾದ್ರೂ ಉಂಟಾ? ಎಲ್ಲ ನಾಟಕ ಮಾರಾಯ್ರೇ!" ಅಕ್ಕ ಎಷ್ಟು ವರ್ಷದಿಂದ ಇದನ್ನು ಕೇಳುತ್ತಿದ್ದಾರೋ! ನನಗೇ ಸಿಟ್ಟು ಬಂತು.

ಅಣ್ಣನಿಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದೆವು. ಬಂದರು, ರಕ್ತ ಕೊಟ್ಟರು. ಲ್ಯಾಬಿನಲ್ಲಿ ನೋಡಿದರೆ ಟ್ಯೂಬಿನ ಮೇಲ್ಭಾಗ ಹಾಲಿನ ಹಾಗೆ ಬೆಳ್ಳಗೆ, ಜಿಡ್ಡು ತಿಂದು ಬಂದವರ ರಕ್ತದ ಗುರುತು.

"ಎಂತ ತಿಂದಿದ್ದೀರಿ?"

"ಎಂತದೂ ಇಲ್ಲ. ದೇವರಾಣೆ."

"ಬೆಳಿಗ್ಗೆ ಹೋಟೆಲಿಗೆ ಹೋಗಿರಲಿಲ್ವಾ?"

"ಹೋಗದೆ? ಬನ್ಸ್ ನೋಡಿದೆ, ಗೋಳಿಬಜೆ ನೋಡಿದೆ, ಚಟ್ನಿ ಹೇಗಾಗಿದೆ ಅಂತ ಒಂದು ತುಪ್ಪದ ದೋಸೆ ನೋಡಿದೆ. ಅದು ತಿಂದದ್ದಲ್ಲ ಸಿಸ್ಟರ್, ರುಚಿ ನೋಡಿದ್ದು. ನಾನು ನೋಡದೆ ಗಿರಾಕಿಗೆ ಹೋಗುವ ಕ್ರಮವೇ ಇಲ್ಲ."

ಮರುದಿನ ಏನನ್ನೂ ನೋಡದೆ ಬರಲು ತಾಕೀತು ಮಾಡಿದೆವು. ರಕ್ತ ಚೊಕ್ಕವಾಗಿತ್ತು. ಹೋಟೆಲಿನ ಸಾಂಬಾರಿಗೆ ಮಾತ್ರ ಅವತ್ತು ಉಪ್ಪೇ ಬಿದ್ದಿರಲಿಲ್ಲವಂತೆ.

ಸಾಕ್ಷಿ ಸಾಲದು

ಅಕ್ಕನ ಚಿಂತೆ ಬೇರೆಯೇ ಇತ್ತು. ಮಗಳ ಮದುವೆ ಹತ್ತಿರ ಬಂದಿತ್ತು. ಮಲ್ಲಿಗೆಯ ಪರಿಮಳ ಮೂಗಿಗೆ ಬಡಿದರೆ ಸಾಕು, ಅವರ ಅರ್ಧ ತಲೆ ಸಿಡಿಯಲು ಶುರು. ನಮ್ಮೂರಿನ ಮದುವೆಯಲ್ಲಿ ಮಲ್ಲಿಗೆ ಮುಡಿಯದ ಹೆಂಗಸರನ್ನು ದೀಪ ಹಿಡಿದು ಹುಡುಕಬೇಕು. "ಧಾರೆ ಆಗುವಾಗ ನಾನು ಕತ್ತಲೆ ಕೋಣೆಯಲ್ಲಿ ಮಲಗಿರಬೇಕಾ ಸಿಸ್ಟರ್? ಇರುವುದೊಬ್ಬಳೇ ಮಗಳು" ಎನ್ನುವಾಗ ಅವರ ಕಣ್ಣಲ್ಲಿ ನೀರಿತ್ತು.

ಡಾಕ್ಟರಮ್ಮನನ್ನೂ ಕೇಳಿಯೇಬಿಟ್ಟರು. "ಆ ಕೊಲೆಸ್ಟ್ರಾಲಿನ ಮಾತ್ರೆಯನ್ನೇ ಕೊಡಿ ಡಾಕ್ಟ್ರೇ."

"ಈಗ ಸಿಗೋದು ಬರೇ ಜೀನಿನ ಸಾಕ್ಷಿ ರೀ. ಆಮ್ಯಾಲೆ ರೋಗಿಗಳ ಮ್ಯಾಲೆ ಪರೀಕ್ಷೆ ಆಗಬೇಕು, ಅದು ಮುಗೀಬೇಕು."

"ಕೋರ್ಟಿನಲ್ಲಿ ಸಾಕ್ಷಿ ಇದ್ರೆ ತೀರ್ಪು ಕೊಡ್ತಾರಲ್ಲ?"

"ಕೊಡ್ತಾರ. ಯಾವಾಗ ಕೊಡ್ತಾರ?"

ಕುಟುಂಬದ ಜಾಗದ ವ್ಯಾಜ್ಯ ನೋಡುತ್ತಲೇ ದೊಡ್ಡವರಾದ ಅಕ್ಕ ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ಮೊಮ್ಮಗಳ ಮದುವೆಗೆ ಸಿಗಬಹುದು."

ಡಾಕ್ಟರಮ್ಮ ನಗುತ್ತಾ ಮೈಗ್ರೇನಿಗೆ ಎಲ್ಲರೂ ತೆಗೆದುಕೊಳ್ಳುವ ಮಾತ್ರೆಯನ್ನೇ ಬರೆದುಕೊಟ್ಟು, ನೋವಿನ ಸುಳಿವು ಸಿಕ್ಕಿದ ಕೂಡಲೇ ನುಂಗಲು ಹೇಳಿದರು.

ಕತ್ತಲೆ ಕೋಣೆ

ಮದುವೆಗೆ ನನಗೂ ಕರೆಯಿತ್ತು. ಹಾಲ್‌ನ ಬಾಗಿಲಲ್ಲೇ ಮಲ್ಲಿಗೆಯ ಘಮ, ಒಳಗೆ ವೀಡಿಯೋದವರ ಲೈಟು, ಬ್ಯಾಂಡಿನ ಅಬ್ಬರ. ಒಳ್ಳೆಯ ತಲೆಯೂ ಸಿಡಿಯಬೇಕು. ಆದರೆ ಅಕ್ಕ ರೇಷ್ಮೆಯ ಪಟ್ಟೆಸೀರೆಯಲ್ಲಿ ನಗುತ್ತಾ ಓಡಾಡುತ್ತಿದ್ದರು. ನನ್ನ ಕಿವಿಯಲ್ಲಿ "ಬೆಳಿಗ್ಗೆಯೇ ಸುಳಿವು ಸಿಕ್ಕಿತು, ಮಾತ್ರೆ ನುಂಗಿದೆ. ಆ ಧೈರ್ಯದಲ್ಲಿ ಮಲ್ಲಿಗೆಯನ್ನೂ ಮುಡಿದೆ. ಇಷ್ಟರವರೆಗೆ ತೊಂದರೆ ಇಲ್ಲ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಮಗಳ ಮದುವೆಯೇ ಅನ್ನಬೇಕು.

ಮುಹೂರ್ತ ಹತ್ತಿರವಾಯಿತು. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾಪತ್ತೆ. ಹುಡುಕುತ್ತಾ ಅಕ್ಕನೂ ನಾನೂ ಹಿಂದಿನ ಡ್ರೆಸ್ಸಿಂಗ್ ರೂಮಿನ ಬಾಗಿಲು ತೆರೆದೆವು. ಒಳಗೆ ಕತ್ತಲೆ. ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡು ಯಾರೋ ಮಲಗಿದ್ದರು.

"ಲೈಟ್ ಹಾಕ್ಬೇಡಿ ಮಾರಾಯ್ರೇ, ಕಣ್ಣಿಗೆ ಚುಚ್ತದೆ!" ಅಣ್ಣನದೇ ಸ್ವರ.

"ಯಾವಾಗಿನಿಂದ ಉಂಟು ಇದು?" ಎಂದೆ ನಾನು.

"ಕಾಲೇಜಿಗೆ ಹೋಗುವಾಗಿನಿಂದ. ಗಂಡಸು ಹೇಗೆ ಹೇಳುವುದು ಸಿಸ್ಟರ್? ತಂಗಿಗೆ ಮಾತ್ರ ಗೊತ್ತಾಗಬಾರದು."

ತಂಗಿ ನನ್ನ ಪಕ್ಕದಲ್ಲೇ ನಿಂತಿದ್ದರು. ಈಗ ಬೈಗುಳದ ಸಹಸ್ರನಾಮ ಶುರುವಾಗುತ್ತದೆ ಎಂದುಕೊಂಡೆ. ಅಕ್ಕ ಸದ್ದಿಲ್ಲದೆ ಬಾಗಿಲು ಮುಚ್ಚಿದರು. ಮುಡಿದಿದ್ದ ಮಲ್ಲಿಗೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅಣ್ಣನ ತಲೆಯ ಹತ್ತಿರ ಕುಳಿತು ಹಣೆ ಒತ್ತತೊಡಗಿದರು. ಆ ದೊಡ್ಡ ದೇಹದವರು ಚಿಕ್ಕ ಹುಡುಗನ ಹಾಗೆ ಅತ್ತೇಬಿಟ್ಟರು.

ಅಕ್ಕನೇ ತಲೆನೋವು ಬಂದು ಕತ್ತಲೆ ಕೋಣೆ ಸೇರಿದ್ದಾರೆ ಎಂದು ಹೊರಗೆ ಆಗಲೇ ಸುದ್ದಿ ಹಬ್ಬಿತ್ತು. ಅಣ್ಣನ ಕೈಹಿಡಿದು ಅಕ್ಕ ಹೊರಗೆ ಬಂದಾಗ ಹೆಂಗಸರೆಲ್ಲ ಮುತ್ತಿಕೊಂಡರು. ಹಿರಿಯರೊಬ್ಬರು ಅಣ್ಣನ ಬೆನ್ನು ಸವರಿ, "ನೋಡಿ, ತಂಗಿಗೆ ತಲೆನೋವು ಅಂತ ಮುಹೂರ್ತ ಬಿಟ್ಟು ಕತ್ತಲೆಯಲ್ಲಿ ಕೂತಿದ್ದಾನೆ. ಅಣ್ಣ ಅಂದ್ರೆ ಹೀಗಿರಬೇಕು" ಎಂದರು.

ಅಣ್ಣ ನೆಲ ನೋಡಿದರು. ಅಕ್ಕ ಅವರ ಶಾಲು ಸರಿಮಾಡುತ್ತಾ ತಣ್ಣಗೆ ಹೇಳಿದರು, "ಹೌದು ದೊಡ್ಡಮ್ಮಾ. ಇವನಿಲ್ಲದಿದ್ದರೆ ಇವತ್ತು ನಾನು ಆ ಕೋಣೆಗೆ ಹೋಗ್ತಲೇ ಇರಲಿಲ್ಲ."